ಎಷ್ಟನೇ ಒತ್ತಿಗೆ ಬೆಳಕು?

ನಮ್ಮ ಉತ್ತರ ಕರ್ನಾಟಕದಲ್ಲಿ ಟಾರ್ಚಿಗೆ ಬ್ಯಾಟ್ರಿ ಎನ್ನುವುದೇ ರೂಢಿ. ಒಳಗೆ ಹಾಕುವುದು ಶೆಲ್ಲು, ಕೈಯಲ್ಲಿ ಹಿಡಿಯುವುದು ಬ್ಯಾಟ್ರಿ. ಅಮೆರಿಕದವರು ಅದನ್ನು ಫ್ಲಾಶ್‌ಲೈಟ್ ಎಂದರು. 1899ರಲ್ಲಿ ಡೇವಿಡ್ ಮಿಸೆಲ್ ಕೊಳವೆಯಾಕಾರದ ದೀಪಕ್ಕೆ ಪೇಟೆಂಟ್ ಪಡೆದಾಗ ಶೆಲ್ಲುಗಳು ಬಹಳ ದುರ್ಬಲವಾಗಿದ್ದವು. ಒಮ್ಮೆ ಮಿಂಚಿಸಿ ಬಿಡುವುದಷ್ಟೇ ಆಗುತ್ತಿತ್ತು. ಎರಡೂ ಪ್ರಾಮಾಣಿಕ ಹೆಸರುಗಳೇ. ಒಂದು ಒಳಗಿನ ಶಕ್ತಿಯನ್ನು ಹೇಳುತ್ತದೆ, ಇನ್ನೊಂದು ಅದರ ಮಿತಿಯನ್ನು. ಈಗ ಹಳೇ ಹುಬ್ಬಳ್ಳಿಯ ಅಂಗಡಿಗಳಲ್ಲಿ ತೂಗುವ ಕರಿ ಲೋಹದ ಎಲ್‌ಇಡಿ ಟಾರ್ಚುಗಳ ಡಬ್ಬಿಯ ಮೇಲಿರುವುದು ಬೇರೆಯೇ ಭಾಷೆ: ‘5 ಮೋಡ್’. ನನ್ನ ತಕರಾರು ಆ ಐದರ ಬಗ್ಗೆ ಅಷ್ಟಿಲ್ಲ, ಐದನ್ನೂ ಒಂದೇ ಗುಂಡಿಗೆ ಕಟ್ಟಿದ್ದರ ಬಗ್ಗೆ ಇದೆ.

ಗುಂಡಿ ಟಾರ್ಚಿನ ಬಾಲದಲ್ಲಿರುತ್ತದೆ. ಮೊದಲ ಒತ್ತಿಗೆ ಜೋರು ಬೆಳಕು, ಎರಡನೆಯದಕ್ಕೆ ಮಧ್ಯಮ, ಮೂರನೆಯದಕ್ಕೆ ಮಂದ, ನಾಲ್ಕನೆಯದಕ್ಕೆ ಕಣ್ಣು ಕುಕ್ಕುವ ಮಿಣಮಿಣ, ಐದನೆಯದಕ್ಕೆ ಎಸ್‌ಓಎಸ್. ಕೊನೆಯದರ ತಮಾಷೆಯನ್ನು ಹೇಳಲೇಬೇಕು. 1906ರ ಬರ್ಲಿನ್ ಸಮ್ಮೇಳನ ಹಡಗುಗಳಿಗೆಂದು ಒಪ್ಪಿಕೊಂಡ ಮೋರ್ಸ್ ಸಂಕೇತವದು: ಮೂರು ಗಿಡ್ಡ, ಮೂರು ಉದ್ದ, ಮೂರು ಗಿಡ್ಡ. ನೂಲ್ವಿಯ ಎರೆ ಹೊಲದಲ್ಲಿ ಯಾರಾದರೂ ಇದನ್ನು ಬಿಟ್ಟರೆ ಪಕ್ಕದ ಹೊಲದವನು ‘ಇವನ ಬ್ಯಾಟ್ರಿ ಕೆಟ್ಟೈತಿ’ ಅಂದುಕೊಂಡು ಮಲಗುತ್ತಾನೆ. ‘ಏ ತಮ್ಮಾ’ ಎಂದು ಕೂಗಿದರೆ ಓಡಿ ಬಂದಾನು.

ಈ ಟಾರ್ಚನ್ನು ಅಂಗಡಿಯ ಕಟ್ಟೆಯ ಮೇಲೆ, ಹಗಲು ಬೆಳಕಿನಲ್ಲಿ ತೋರಿಸಿದಾಗ ಎಲ್ಲವೂ ಸರಿಯಾಗಿ ಕಾಣುತ್ತದೆ. ಟಕ್ ಟಕ್ ಟಕ್ ಎಂದು ಅಂಗಡಿಯವನು ಐದು ಅವತಾರ ತೋರಿಸುತ್ತಾನೆ, ಕೊಟ್ಟ ದುಡ್ಡಿಗೆ ಮೋಸವಿಲ್ಲ ಎನಿಸುತ್ತದೆ. ಇದರ ವಿನ್ಯಾಸವಾಗಿರುವುದು ಆ ಕಟ್ಟೆಗೆಂದೇ ಎಂಬುದು ನನ್ನ ವಾದ. ಟಾರ್ಚು ಬೇಕಾಗುವ ಹೊತ್ತಿಗೆ ಟಾರ್ಚೇ ಕಾಣುವುದಿಲ್ಲ. ಈ ವಸ್ತುವಿನ ಮೂಲ ಪೇಚೇ ಅದು. ಕಣ್ಣಿಗೆ ಸಹಾಯ ಮಾಡಬೇಕಾದದ್ದನ್ನು ಕಣ್ಣಿಲ್ಲದೆ ನಡೆಸಬೇಕು. ಆದ್ದರಿಂದ ಅದರ ಸ್ಥಿತಿ ಬೆರಳಿಗೆ ತಿಳಿಯಬೇಕು. ಬಾಲದ ಗುಂಡಿಯ ಮೇಲೆ ಬೆರಳಿಟ್ಟರೆ ಏನೂ ತಿಳಿಯುವುದಿಲ್ಲ. ಹಿಂದೆ ಎಷ್ಟು ಸಲ ಒತ್ತಿದ್ದೆ ಎಂಬುದು ನೆನಪಿರಬೇಕು. ಟಾರ್ಚೂ ಕೊನೆಯ ಮೋಡನ್ನು ನೆನಪಿಟ್ಟುಕೊಳ್ಳುವ ಜಾತಿಯದಾದರೆ, ನಿನ್ನೆ ರಾತ್ರಿ ಅದನ್ನು ಆರಿಸಿದವರು ಯಾರು ಎಂಬುದೂ ಗೊತ್ತಿರಬೇಕು!

ಹುಬ್ಬಳ್ಳಿ ಸುತ್ತಲಿನ ಹಳ್ಳಿಗಳಲ್ಲಿ ಬೋರ್‌ವೆಲ್ ಇರುವವರಿಗೆ ಪಂಪ್‌ಸೆಟ್ಟಿನ ತ್ರೀ ಫೇಸ್ ಕರೆಂಟು ಎಷ್ಟೋ ಸಲ ರಾತ್ರಿ ಪಾಳಿಯಲ್ಲಿ ಬರುತ್ತದೆ. ನೀರು ಹಾಯಿಸುವವನ ಒಂದು ಕೈಯಲ್ಲಿ ಗುದ್ದಲಿ, ಇನ್ನೊಂದರಲ್ಲಿ ಟಾರ್ಚು. ಕೊಳಕುಮಂಡಲ ಹೊರಬೀಳುವುದೂ ರಾತ್ರಿಯೇ. ಬದುವಿನಲ್ಲಿ ಏನೋ ಸರಿದಂತಾಯಿತೆಂದು ಅವನು ಗಾಬರಿಯಲ್ಲಿ ಒತ್ತುತ್ತಾನೆ. ಗಾಬರಿಯ ಬೆರಳು ಒಮ್ಮೆ ಒತ್ತಿ ನಿಲ್ಲುವುದಿಲ್ಲ. ನಾಲ್ಕನೆಯ ಒತ್ತು ಬಿದ್ದರೆ ಬೆಳಕು ಚೂರುಚೂರಾಗಿ ಬೀಳುತ್ತದೆ, ಚಲನೆ ತುಂಡುತುಂಡಾಗಿ ಕಾಣುತ್ತದೆ, ಹರಿಯುತ್ತಿರುವುದು ಯಾವ ಕಡೆಗೆ ಎಂದು ಗೊತ್ತಾಗುವುದಿಲ್ಲ. ಆ ಮಿಣಮಿಣ ಎದುರಿನವನ ಕಣ್ಣು ಕೆಡಿಸಲೆಂದು ಪೊಲೀಸ್ ಮಾದರಿಯ ಟಾರ್ಚುಗಳಿಗೆ ಇಟ್ಟ ಆಯುಧ. ಇಲ್ಲಿ ಅದು ಹಿಡಿದವನ ಮೇಲೆಯೇ ತಿರುಗುತ್ತದೆ.

ಹೀಗೇಕೆ ಮಾಡುತ್ತಾರೆ? ದಡ್ಡತನದಿಂದ ಅಲ್ಲ, ಅಗ್ಗಕ್ಕಾಗಿ. ಬಾಲದ ಗುಂಡಿ ನೇರವಾಗಿ ಕರೆಂಟನ್ನೇ ಕತ್ತರಿಸುತ್ತದೆ. ತಲೆಯ ಹತ್ತಿರ ಕೂತ ಪುಟ್ಟ ಚಿಪ್ಪಿಗೆ ಗುಂಡಿಯ ಪರಿಚಯವೇ ಇಲ್ಲ. ಅದಕ್ಕೆ ಗೊತ್ತಾಗುವುದು ಕರೆಂಟು ಹೋಯಿತು, ಬಂತು ಎಂಬುದಷ್ಟೇ. ಹೋದದ್ದು ಕ್ಷಣದಲ್ಲೇ ಬಂದರೆ ‘ಮುಂದಿನ ಮೋಡ್ ಬೇಕಂತೆ’ ಎಂದು ಅದು ಊಹಿಸುತ್ತದೆ. ಹೆಚ್ಚುವರಿ ತಂತಿ ಬೇಡ, ಎರಡನೆಯ ತೂತು ಬೇಡ, ನೀರು ಒಳಹೋಗುವ ಜಾಗವೂ ಒಂದು ಕಡಿಮೆ. ಕಾರ್ಖಾನೆಯ ದೃಷ್ಟಿಯಿಂದ ಜಾಣ ಉಪಾಯ. ಆ ಉಳಿತಾಯದ ಲೆಕ್ಕ ಇಡಬೇಕಾದವನು ಮಾತ್ರ ಹೊಲದಲ್ಲಿರುವವನು.

ಹಳೆಯ ಎವರೆಡಿ ಟಾರ್ಚಿನ ಸ್ವಿಚ್ಚನ್ನು ನೆನಪಿಸಿಕೊಳ್ಳಿ. ಪಕ್ಕದಲ್ಲಿ ಜಾರುವ ಒಂದು ತುಂಡು, ಅದರ ಹತ್ತಿರವೇ ಒಂದು ಸಣ್ಣ ಗುಂಡಿ. ತುಂಡನ್ನು ಮುಂದೆ ತಳ್ಳಿದರೆ ಬೆಳಕು ಉಳಿಯುತ್ತದೆ, ಹಿಂದೆ ಎಳೆದರೆ ಆರುತ್ತದೆ. ಗುಂಡಿ ಒತ್ತಿದರೆ ಒತ್ತಿ ಹಿಡಿದಷ್ಟು ಹೊತ್ತು ಮಾತ್ರ. ಇದೂ ಒಂದಕ್ಕಿಂತ ಹೆಚ್ಚು ಮೋಡಿನ ಟಾರ್ಚೇ, ಯಾರೂ ಹಾಗೆ ಕರೆಯಲಿಲ್ಲ ಅಷ್ಟೆ. ಹೆಬ್ಬೆರಳು ಎಲ್ಲಿದೆಯೋ ಬೆಳಕು ಹಾಗಿದೆ. ನಿದ್ದೆಗಣ್ಣಿನಲ್ಲಿ ದಿಂಬಿನಡಿ ಕೈ ಹಾಕಿದ ಅಜ್ಜಿಗೂ ಅದು ತಿಳಿಯುತ್ತಿತ್ತು.

ಇದಕ್ಕಿಂತ ಒಳ್ಳೆಯ ಉದಾಹರಣೆ ರೈಲಿನದು. ಹುಬ್ಬಳ್ಳಿ ರೈಲ್ವೆಯವರ ಊರು, ನಮ್ಮ ಓಣಿಯಲ್ಲೂ ಒಬ್ಬ ನಿವೃತ್ತ ಗಾರ್ಡ್ ಇದ್ದಾರೆ. (2022ರಿಂದ ಈ ಹುದ್ದೆಗೆ ಟ್ರೇನ್ ಮ್ಯಾನೇಜರ್ ಎಂಬ ಹೆಸರು, ಓಣಿಯಲ್ಲಿ ಅವರು ಇನ್ನೂ ಗಾರ್ಡ್ ಸಾಹೇಬರೇ.) ಸೀಮೆಎಣ್ಣೆಯ ಹಳೆಯ ಕೈದೀಪದಲ್ಲಿ ಉರಿಯ ಸುತ್ತ ಕೆಂಪು, ಹಸಿರು ಗಾಜುಗಳಿರುತ್ತಿದ್ದವು. ಮೇಲಿನ ಭಾಗ ಹಿಡಿದು ತಿರುಗಿಸಿದರೆ ಬೇಕಾದ ಬಣ್ಣ ಮುಂದಿನ ಮಸೂರದೆದುರು ಬರುತ್ತದೆ. ಮೂರು ಮೋಡ್: ಬಿಳಿ, ಹಸಿರು, ಕೆಂಪು. ತಪ್ಪಿದರೆ ಜೀವ ಹೋಗುತ್ತದೆ. ಅಲ್ಲಿ ಕೆಂಪು ‘ನಾಲ್ಕನೆಯ ಒತ್ತು’ ಆಗಿರಲಿಲ್ಲ, ಕೈ ತಿರುಗಿದ ಒಂದು ಜಾಗವಾಗಿತ್ತು. ‘ಎಷ್ಟು ಸಲ ಒತ್ತಬೇಕ್ರೀ ಇದನ್ನ?’ ಎಂದು ಐದು ಮೋಡಿನ ಟಾರ್ಚು ನೋಡಿ ಅವರು ಕೇಳಿದ್ದರಲ್ಲಿ ವ್ಯಂಗ್ಯವೇನೂ ಇರಲಿಲ್ಲ, ನಿಜವಾದ ಕುತೂಹಲವಿತ್ತು.

ರೈಲ್ವೆ ನಿಯಮ ಇನ್ನೂ ಒಂದು ಹೆಜ್ಜೆ ಮುಂದಿದೆ. ರಾತ್ರಿ ಕೆಂಪು ದೀಪ ತೋರಿಸಿದರೆ ರೈಲು ನಿಲ್ಲಬೇಕು. ಬಿಳಿ ದೀಪವನ್ನೇ ಮೈಯ ಮುಂದೆ ಅಡ್ಡಡ್ಡವಾಗಿ ಜೋರಾಗಿ ಬೀಸಿದರೂ ಅದು ನಿಲ್ಲು ಎಂಬ ಸೂಚನೆಯೇ. ಕೆಂಪು ಗಾಜು ಸಿಗದೇ ಹೋದಾಗ ಗಾಬರಿಯಾದ ಮನುಷ್ಯನ ಕೈ ತಾನಾಗಿಯೇ ಏನು ಮಾಡುತ್ತದೋ ಅದನ್ನೇ ಸಂಕೇತವೆಂದು ಒಪ್ಪಿಕೊಂಡಿದ್ದಾರೆ. ಅರ್ಥಗರ್ಭಿತ ನಿಯಂತ್ರಣ ಎಂಬ ಭಾರದ ಮಾತನ್ನು ಈಗ ಎಲ್ಲರೂ ಆಡುತ್ತಾರೆ. ಅದಕ್ಕೆ ಇಷ್ಟು ಹಳೆಯ, ಇಷ್ಟು ಖಚಿತವಾದ ಇನ್ನೊಂದು ನಿದರ್ಶನ ನನಗೆ ಕಂಡಿಲ್ಲ.

ಕಂಪ್ಯೂಟರಿನಲ್ಲಿ ಕಟ್, ಕಾಪಿ, ಪೇಸ್ಟ್ ರೂಢಿಗೆ ತಂದವರಲ್ಲಿ ಒಬ್ಬನಾದ ಲ್ಯಾರಿ ಟೆಸ್ಲರ್ ಮೋಡುಗಳ ಕಡುವೈರಿ. ತನ್ನ ಕಾರಿನ ನಂಬರ್ ಪ್ಲೇಟಿನ ಮೇಲೂ ‘ನೋ ಮೋಡ್ಸ್’ ಎಂದೇ ಬರೆಸಿದ್ದ. ಒಂದೇ ಗುಂಡಿ ಸಂದರ್ಭಕ್ಕೊಂದು ಅರ್ಥ ಕೊಡುವುದು ಅವನಿಗೆ ಆಗದು. ಟಾರ್ಚಿನ ವಿಷಯದಲ್ಲಿ ನಾನು ಅಷ್ಟು ಕಟ್ಟಾ ಅಲ್ಲ. ಎಲ್‌ಇಡಿ ತಂದ ಮಂದ ಬೆಳಕು ನಿಜವಾದ ವರ. ಹಳೆಯ ಬಲ್ಬಿನ ಟಾರ್ಚಿನಲ್ಲಿ ಶೆಲ್ಲು ಮುಗಿಯುತ್ತ ಬಂದಾಗ ಮಾತ್ರ ಸಿಗುತ್ತಿದ್ದ ಆ ಹದ ಈಗ ಬೇಕೆಂದಾಗ ಸಿಗುತ್ತದೆ. ಮಲಗಿದ ಮಗುವನ್ನು ಎಬ್ಬಿಸದೆ ಔಷಧಿ ಹುಡುಕಬಹುದು. ಆದರೆ ಮಂದಕ್ಕೆ ಹೋಗಲು ಮೊದಲು ಜೋರು ಬೆಳಕನ್ನು ದಾಟಬೇಕೆಂದರೆ ಮಗು ಎದ್ದಾಯಿತಲ್ಲ!

ಟಾರ್ಚಿನ ಹುಚ್ಚು ಹಿಡಿದ ಹವ್ಯಾಸಿಗಳು ಇದಕ್ಕೊಂದು ಉತ್ತರ ಹುಡುಕಿದ್ದಾರೆ. ಆಂಡುರಿಲ್ ಎಂಬ ಮುಕ್ತ ತಂತ್ರಾಂಶವಿರುವ ಟಾರ್ಚುಗಳಲ್ಲಿ ಆರಿದ ಗುಂಡಿಯನ್ನು ಒತ್ತಿ ಹಿಡಿದರೆ ಅತಿ ಮಂದದಿಂದ ಶುರುವಾಗಿ ಬೆಳಕು ಏರುತ್ತ ಹೋಗುತ್ತದೆ, ಬೇಕಾದಲ್ಲಿ ಬಿಟ್ಟರಾಯಿತು. ಹಾರ್ಮೋನಿಯಂ ತಿದಿಯಂತೆ ಕೈಗೂ ಕಣ್ಣಿಗೂ ನಂಟು ಕೂಡುತ್ತದೆ. ಅಷ್ಟಕ್ಕೇ ನಿಲ್ಲಿಸಿದ್ದರೆ ಚೆನ್ನಾಗಿತ್ತು. ಅದರ ಮೇಲೆ ಎರಡು, ಮೂರು, ನಾಲ್ಕು ಒತ್ತಿನ ಎಷ್ಟೋ ಗುಪ್ತ ಬಾಗಿಲುಗಳನ್ನಿಟ್ಟು, ನಕ್ಷೆಯಿಲ್ಲದೆ ಓಡಾಡಲಾಗದ ವಾಡೆ ಮಾಡಿದ್ದಾರೆ.

ನನ್ನ ಮತ ಇನ್ನೂ ಕೆಳದರ್ಜೆಯ ವಸ್ತುವಿಗೆ: ಮುಂದೆ ಟಾರ್ಚು, ಪಕ್ಕದಲ್ಲಿ ಉದ್ದನೆಯ ಟ್ಯೂಬ್‌ಲೈಟ್ ಪಟ್ಟಿ ಇರುವ ಪ್ಲಾಸ್ಟಿಕ್ಕಿನ ಚಾರ್ಜರ್ ದೀಪ. ನಮ್ಮಲ್ಲಿ ಬಹಳ ಮನೆಗಳಲ್ಲಿದೆ. ನೋಡಲು ಒರಟು, ಕೆಳಗೆ ಬಿದ್ದರೆ ಸೀಳುತ್ತದೆ. ಆದರೆ ಅದರ ಜಾರುಗುಂಡಿ ನಡುವೆ ಇದ್ದರೆ ಆರಿದೆ, ಮುಂದೆ ತಳ್ಳಿದರೆ ದಾರಿ, ಹಿಂದೆ ಎಳೆದರೆ ಕೋಣೆ. ಯಾವುದಕ್ಕೂ ಇನ್ನೊಂದನ್ನು ದಾಟಿ ಹೋಗಬೇಕಿಲ್ಲ. ಇದಕ್ಕೆ ವಿನ್ಯಾಸದ ಬಹುಮಾನ ಯಾರೂ ಕೊಡಲಾರರು, ನಾನು ಕೊಡುತ್ತೇನೆ.

ಈಗ ಟಾರ್ಚು ಕೊಳ್ಳಲು ಹೋದಾಗ ಅದನ್ನು ಬೆನ್ನ ಹಿಂದೆ ಹಿಡಿದು, ಎಲ್ಲಕ್ಕಿಂತ ಸಣ್ಣ ಬೆಳಕು ಹಚ್ಚಲು ನೋಡುತ್ತೇನೆ. ಹಚ್ಚಿದ್ದು ಯಾವುದೆಂದು ಅಂಗಡಿಯವನೇ ಹೇಳಬೇಕು. ಮೊದಲೆರಡು ಟಾರ್ಚಿಗೆ ಅವನು ನಗುತ್ತಾನೆ, ಮೂರನೆಯದಕ್ಕೆ ‘ತಗೊಳ್ಳಾವ್ರೇನ್ರೀ?’ ಎನ್ನುತ್ತಾನೆ.