ಮೂಲೆಯ ಒಳಗೂ ಹೊರಗೂ
ಇಂಗ್ಲಿಷ್‌ನ ‘ಕಾರ್ನರ್’ ಪದವನ್ನು ಸ್ಪ್ಯಾನಿಷ್‌ಗೆ ತರುವವರು ಮೊದಲು ಕೇಳಿಕೊಳ್ಳಬೇಕಾದದ್ದು: ಮೂಲೆಯನ್ನು ನೋಡುತ್ತಿರುವುದು ಒಳಗಿನಿಂದಲೋ ಹೊರಗಿನಿಂದಲೋ? ಕೋಣೆಯೊಳಗಿನ ಮೂಲೆ ‘ರಿಂಕೋನ್’. ಎರಡು ಬೀದಿ ಸೇರುವಲ್ಲಿ ಹೊರಚಾಚಿದ ಮೂಲೆ ‘ಎಸ್ಕಿನಾ’. ಫುಟ್‌ಬಾಲ್‌ನ ಕಾರ್ನರ್ ಕಿಕ್ ಕೂಡ ‘ಸಾಕೆ ದೆ ಎಸ್ಕಿನಾ’.

ಎಷ್ಟು ಸೂಕ್ಷ್ಮ!

ಒಳ್ಳೆಯ ದ್ವಿಭಾಷಾ ನಿಘಂಟಿನ ಕುಸುರಿ ಕಾಣುವುದು ಇಲ್ಲೇ. ಕಾಲಿನ್ಸ್‌ನಂಥ ನಿಘಂಟುಗಳು ಬರೀ ಪದಗಳನ್ನು ಸುರಿಯುವುದಿಲ್ಲ; ಒಂದೊಂದು ಅರ್ಥಕ್ಕೂ ಆವರಣದಲ್ಲಿ ಪುಟ್ಟ ಸುಳಿವು ಕೊಟ್ಟು ಓದುಗರನ್ನು ಸರಿಯಾದ ಪದದತ್ತ ಕರೆದೊಯ್ಯುತ್ತವೆ. ನೀರಿನಲ್ಲಿ ಈಜುವ ‘ಫಿಶ್’ಗೆ ‘ಪೆಸ್’, ತಟ್ಟೆಗೆ ಬಂದದ್ದಕ್ಕೆ ‘ಪೆಸ್ಕಾದೊ’. ‘ಟೈಮ್’ ಅಂತೂ ಗಡಿಯಾರದಲ್ಲಿ ‘ಓರಾ’, ಕಳೆಯುವ ಕಾಲವಾದರೆ ‘ತಿಯೆಂಪೊ’, ಎಷ್ಟು ಸಲ ಎಂದಾಗ ‘ಬೆಸ್’.

ನಿಘಂಟು ತೆರೆದಾಗ ಮೊದಲ ಪದಕ್ಕೇ ತೃಪ್ತರಾಗಬೇಡಿ. ಆರಿಸಿದ್ದನ್ನು ಸ್ಪ್ಯಾನಿಷ್ ಭಾಗದಲ್ಲೂ ಹುಡುಕಿ, ಅಲ್ಲಿನ ಅರ್ಥ ಹೊಂದುತ್ತದೆಯೇ ಎಂದು ನೋಡಿ.