ಅಂಗಳದಲ್ಲಿ ಉಳಿದ ಚಪ್ಪಲಿ

ಚಿಕ್ಕಪ್ಪನನ್ನು ದಾವಣಗೆರೆಯ ಆಸ್ಪತ್ರೆಯಿಂದ ಹರಿಹರದ ಮನೆಗೆ ಕರೆತಂದದ್ದು 2021ರ ಜೂನ್‌ನಲ್ಲಿ. ಕೋವಿಡ್ ಬಂದು ಮೂರು ವಾರ ಮಲಗಿದ್ದರು, ಅದರಲ್ಲಿ ಹನ್ನೆರಡು ದಿನ ಐಸಿಯು. ಕಾರಿನಿಂದಿಳಿದು ಇಬ್ಬರ ಹೆಗಲಿಗೆ ಕೈ ಹಾಕಿ ಕಟ್ಟೆಯತ್ತ ಬರುವಾಗ ಬಲಗಾಲಿನ ಹವಾಯಿ ಚಪ್ಪಲಿ ಅಂಗಳದ ನಡುವೆಯೇ ಕಳಚಿ ಉಳಿಯಿತು. ಅವರಿಗದು ಗೊತ್ತೇ ಆಗಲಿಲ್ಲ. ಚಿಕ್ಕಮ್ಮ ಎತ್ತಿ ತಂದು ತೊಡಿಸಿದರೆ ಎರಡೇ ಹೆಜ್ಜೆಗೆ ಮತ್ತೆ ಜಾರಿತು. ಡಿಸ್ಚಾರ್ಜ್ ಹಾಳೆಯಲ್ಲಿ ಮಾತ್ರೆಗಳ ಪಟ್ಟಿ ಇತ್ತು, ಕಾಲಿನ ಬಗ್ಗೆ ಒಂದಕ್ಷರ ಇರಲಿಲ್ಲ. ಫೋನ್ ಮಾಡಿ ಕೇಳಿದ್ದಕ್ಕೆ ಬಂದ ಉತ್ತರ: "ವೀಕ್‌ನೆಸ್ ಐತ್ರಿ, ಅಷ್ಟೇ. ರೆಸ್ಟ್ ಮಾಡಿಸ್ರಿ."

ವೀಕ್‌ನೆಸ್ ಮತ್ತು ರೆಸ್ಟ್. ಈ ಎರಡು ಮಾತಿನ ಚಿಕಿತ್ಸೆಯನ್ನೇ ನಾನಿಲ್ಲಿ ವಿಮರ್ಶೆಗೆ ಎತ್ತಿಕೊಂಡಿದ್ದೇನೆ. ಎರಡು ಮೆಡಿಕಲ್ ಕಾಲೇಜು, ಚಿಗಟೇರಿ ಜಿಲ್ಲಾ ಆಸ್ಪತ್ರೆ ಇರುವ ಊರು ದಾವಣಗೆರೆ. ಸುತ್ತಲಿನ ತಾಲ್ಲೂಕುಗಳವರೆಲ್ಲ ಜೀವ ಉಳಿಸಿಕೊಳ್ಳಲು ಅಲ್ಲಿಗೇ ಓಡುತ್ತಾರೆ, ಉಳಿಸಿಕೊಂಡು ಬರುತ್ತಾರೆ. ಎರಡನೇ ಅಲೆಯಲ್ಲಿ ನಿದ್ದೆಗೆಟ್ಟು ದುಡಿದವರ ಋಣ ನಮ್ಮ ಮನೆಯ ಮೇಲೂ ಇದೆ. ನನ್ನ ತಕರಾರು ಜೀವ ಉಳಿದ ಮರುದಿನದ್ದು.

ವೀಕ್‌ನೆಸ್ ಎಂಬ ಒಂದೇ ಮಾತಿನೊಳಗೆ ಕನಿಷ್ಠ ಮೂರು ಬೇರೆ ಬೇರೆ ತೊಂದರೆಗಳು ಅಡಗಿರುತ್ತವೆ. ಮೊದಲನೆಯದು ಸ್ನಾಯುವಿನದು. ಉರಿಯೂತ, ಅಲುಗಾಡದೆ ಮಲಗಿದ್ದು, ಸ್ಟೀರಾಯ್ಡ್, ಹೊಟ್ಟೆಗಿಲ್ಲದ್ದು ಎಲ್ಲ ಸೇರಿ ತೊಡೆಯ ಮಾಂಸವನ್ನು ಕರಗಿಸುತ್ತವೆ. 2013ರಲ್ಲಿ ಪ್ರಕಟವಾದ ಲಂಡನ್ನಿನ ಒಂದು ಅಧ್ಯಯನದಲ್ಲಿ 63 ಐಸಿಯು ರೋಗಿಗಳ ತೊಡೆಯ ಸ್ನಾಯುವನ್ನು ಅಳೆದು ನೋಡಿದಾಗ, ಹತ್ತೇ ದಿನದಲ್ಲಿ ಅದರ ಗಾತ್ರ ಸರಾಸರಿ ಶೇ 17.7ರಷ್ಟು ಇಳಿದಿತ್ತು. ಇದು ಎರಡೂ ಕಾಲಿಗೆ, ಎರಡೂ ತೋಳಿಗೆ ಸಮನಾಗಿ ಬರುವ ನಿಶ್ಶಕ್ತಿ. ಎರಡನೆಯದು ನರದ್ದು. ತೀವ್ರ ಕಾಯಿಲೆಯೇ ಕೈಕಾಲಿನ ನರಗಳನ್ನು ಕೆಡಿಸಬಹುದು. ಇಲ್ಲವೇ ಒಂದೇ ಮಗ್ಗುಲಿನ ಒತ್ತಡದಿಂದ ಒಂದು ನರ ಮಾತ್ರ ಸೋಲಬಹುದು. ಆಕ್ಸಿಜನ್ ಏರಲೆಂದು ದಿನಕ್ಕೆ ಹದಿನಾರು ಗಂಟೆವರೆಗೆ ಬೋರಲು ಮಲಗಿಸಿದವರಲ್ಲಿ ಕೆಲವರಿಗೆ ಭುಜದ, ಮೊಣಕೈಯ ನರ ಹೀಗೆ ಸೋತದ್ದುಂಟು. ಮೊಣಕಾಲಿನ ಹೊರಮಗ್ಗುಲಲ್ಲಿ ಎಲುಬಿನ ಮೇಲೆಯೇ ಹಾದುಹೋಗುವ ನರವೂ ಇದೆ. ಮೈ ಇಳಿದು ಕೊಬ್ಬಿನ ಮೆತ್ತೆ ಹೋದಾಗ ಅದು ಹಾಸಿಗೆಗೂ ಎಲುಬಿಗೂ ನಡುವೆ ನಜ್ಜುತ್ತದೆ. ಆಮೇಲೆ ಪಾದ ಮೇಲೇಳುವುದಿಲ್ಲ, ಚಪ್ಪಲಿ ನಿಲ್ಲುವುದಿಲ್ಲ. ಮೂರನೆಯದು ದಣಿವು: ಇವತ್ತು ಹುಮ್ಮಸ್ಸಿನಿಂದ ಬೀದಿ ಸುತ್ತಿ ಬಂದವರು ನಾಳೆ, ನಾಡಿದ್ದು ಹಾಸಿಗೆ ಬಿಟ್ಟು ಏಳಲಾಗದೆ ಬೀಳುವುದು.

ಸೊರಗಿದ ಸ್ನಾಯುವಿಗೆ ಬೇಕಾದದ್ದು ಕೆಲಸ. ಸೋತ ನರಕ್ಕೆ ಬೇಕಾದದ್ದು ಕಾವಲು ಮತ್ತು ಕಾಲಾವಕಾಶ. ದಣಿವಿನ ರೋಗಿಗೆ ಹಟದ ವ್ಯಾಯಾಮವೇ ವಿಷ. ಮೂವರಿಗೂ "ರೆಸ್ಟ್" ಎಂದರೆ ಒಬ್ಬನಿಗೆ ಅರ್ಧ ಸರಿ, ಇಬ್ಬರಿಗೆ ನಷ್ಟ. ಮೂವರಿಗೂ ಗ್ಲೂಕೋಸ್ ಬಾಟಲಿ ಏರಿಸಿ, ನರಕ್ಕೆ ಒಳ್ಳೆಯದೆಂದು ಬಿ-ಕಾಂಪ್ಲೆಕ್ಸ್ ಚುಚ್ಚಿ ಕಳಿಸುವುದರಿಂದ ನಜ್ಜಿದ ನರ ಎದ್ದು ನಿಲ್ಲುವುದಿಲ್ಲ. ಬಿಡುಗಡೆಯ ದಿನ ರೋಗಿಯನ್ನು ಹಿಡಿದು ಬರಿಗಾಲಲ್ಲಿ ಹತ್ತು ಹೆಜ್ಜೆ ನಡೆಸಿ, ಹಿಮ್ಮಡಿಯ ಮೇಲೆ ನಿಲ್ಲಿಸಿ ನೋಡಿದ್ದರೆ ಚಿಕ್ಕಪ್ಪನ ಕಾಲು ಅಲ್ಲೇ ಸಿಕ್ಕಿಬೀಳುತ್ತಿತ್ತು. ಅದಕ್ಕೆ ಎರಡು ನಿಮಿಷ ಸಾಕು, ಯಂತ್ರ ಬೇಡ.

ಆ ದಿನಗಳಲ್ಲಿ ನಮ್ಮ ಕೈಗೆ ಸಿಕ್ಕ ಒಂದೇ ಆಸರೆ ವಿಶ್ವ ಆರೋಗ್ಯ ಸಂಸ್ಥೆಯ ಯುರೋಪ್ ಕಚೇರಿ 2020ರಲ್ಲಿ ಹೊರತಂದು, 2021ರಲ್ಲಿ ತಿದ್ದಿ ಬೆಳೆಸಿದ, ಕೋವಿಡ್ ಬಳಿಕದ ಸ್ವಯಂ ಆರೈಕೆಯ ಕೈಪಿಡಿ. ಅದರ ಚಿತ್ರಗಳು ನಿಜಕ್ಕೂ ಒಳ್ಳೆಯವು. ಏದುಸಿರು ಬಂದಾಗ ಮೇಜಿಗೆ ಬಾಗಿ ಕೂರುವುದು, ಗೋಡೆಗೆ ಬೆನ್ನು ಕೊಟ್ಟು ನಿಲ್ಲುವುದು, ಕುರ್ಚಿಯಿಂದ ಎದ್ದು ಕೂರುವುದು: ಓದು ಬಾರದವರೂ ನೋಡಿ ಮಾಡಬಹುದು. ವ್ಯಾಯಾಮಕ್ಕೆ ಮರಳುವುದನ್ನು ಐದು ಹಂತ ಮಾಡಿ, ಪ್ರತಿ ಹಂತದಲ್ಲೂ ಕನಿಷ್ಠ ಏಳು ದಿನ ನಿಲ್ಲಿ ಎಂದು ತಡೆದದ್ದು ಅದರ ದೊಡ್ಡ ಗುಣ. ಮಾಡಿದ ಮೇಲೆ ಬೀಳುವ ದಣಿವಿನ ಎಚ್ಚರಿಕೆಯನ್ನು ತಿದ್ದುಪಡಿಯಲ್ಲಿ ಸ್ಪಷ್ಟವಾಗಿ ಹೇಳಿದ್ದಾರೆ.

ಆದರೆ ಅದು ಕುರ್ಚಿಯ ಮನೆಗಳಿಗೆ ಬರೆದ ಪುಸ್ತಕ. ನಮ್ಮಲ್ಲಿ ಊಟ ನೆಲದ ಮೇಲೆ, ಹಾಸಿಗೆ ನೆಲದ ಮೇಲೆ, ಪಾಯಿಖಾನೆಯಲ್ಲಿ ಕುಕ್ಕರಗಾಲು. ಕುರ್ಚಿಯಿಂದ ಹತ್ತು ಸಲ ಎದ್ದ ಚಿಕ್ಕಪ್ಪ ಪಾಯಿಖಾನೆಯಿಂದ ಏಳಲಾಗದೆ ಬಾಗಿಲು ಬಡಿದು ಕರೆದ ಬೆಳಿಗ್ಗೆಯನ್ನು ನಾನು ಮರೆತಿಲ್ಲ. ಮಲೇಬೆನ್ನೂರಿನ ಕಡೆ ಭದ್ರಾ ನಾಲೆಯ ಗದ್ದೆಗಳಲ್ಲಿ ಕೆಲಸಕ್ಕೆ ಮರಳಬೇಕಾದವನು ಒಂದಡಿ ಅಗಲದ ಬದುವಿನ ಮೇಲೆ, ಕೆಸರಿನಲ್ಲಿ ನಡೆಯಬೇಕು. ಮೇಲೇಳದ ಪಾದಕ್ಕೆ ಅಲ್ಲಿ ಪ್ರತಿ ಹೆಜ್ಜೆಯೂ ಮುಗ್ಗರಿಕೆ. ಇದನ್ನೆಲ್ಲ ಆ ಕೈಪಿಡಿ ಬರೆದವರು ಬಲ್ಲರೆಂದು ನಿರೀಕ್ಷಿಸುವಂತಿಲ್ಲ, ಬರೆಯಬೇಕಾದವರು ಇಲ್ಲಿಯವರು. ಅದಕ್ಕಿಂತ ದೊಡ್ಡ ಕೊರತೆ, ನುಂಗುವುದಕ್ಕೆ, ದನಿಗೆ, ನೆನಪಿಗೆ ಬೇರೆ ಬೇರೆ ಭಾಗಗಳಿದ್ದರೂ ನರಕ್ಕೆಂದೇ ಒಂದು ಭಾಗ ಇಲ್ಲದಿರುವುದು. ಮರಗಟ್ಟಿದ ಪಾದಕ್ಕೆ ಬಿಸಿನೀರಿನ ಚೀಲ ಇಡಬೇಡಿ, ಸುಟ್ಟರೂ ತಿಳಿಯದು ಎಂಬ ಒಂದು ಸಾಲು ನಮ್ಮ ಕಡೆ ಎಷ್ಟೋ ಬೊಕ್ಕೆಗಳನ್ನು ತಪ್ಪಿಸೀತು. ಎಣ್ಣೆ ತಿಕ್ಕುವುದು ಹಿತ. ಅದರಿಂದ ನರ ಚಿಗುರುತ್ತದೆಂದು ಕಾಯುತ್ತ ತಿಂಗಳು ಕಳೆಯುವುದು ಹಿತವಲ್ಲ.

ಇನ್ನೊಂದು ಮಾತನ್ನು ಪ್ರತಿ ಡಿಸ್ಚಾರ್ಜ್ ಹಾಳೆಯ ಮೇಲೂ ದಪ್ಪಕ್ಷರದಲ್ಲಿ ಅಚ್ಚು ಹಾಕಬೇಕು. ಯಾವುದೇ ವೈರಲ್ ಜ್ವರ ಇಳಿದು ಒಂದೆರಡು ವಾರಕ್ಕೆ ಎರಡೂ ಪಾದ ಜುಮುಗುಟ್ಟಿ, ದಿನದಿಂದ ದಿನಕ್ಕೆ ಸೋಲು ಮೇಲೇರಿದರೆ ಅದು ವೀಕ್‌ನೆಸ್ ಅಲ್ಲ. ಗಿಯಾನ್ ಬಾರೆ ಎಂಬ ನರರೋಗ ಇರಬಹುದು, ಉಸಿರಾಟದ ಸ್ನಾಯುವನ್ನೂ ಹಿಡಿಯಬಹುದು. ಆ ದಿನವೇ ದೊಡ್ಡಾಸ್ಪತ್ರೆಗೆ ಹೋಗಬೇಕು.

ಐಸಿಯುನಲ್ಲೇ ಬೇಗ ಎಬ್ಬಿಸಿ ಕೂರಿಸಿದರೆ ಸಾಕೇ ಎಂಬುದು ಬೇರೆ ಚರ್ಚೆ. 2009ರ ಒಂದು ಅಮೆರಿಕನ್ ಪ್ರಯೋಗ ಅದರಿಂದ ಲಾಭ ಕಂಡಿತು. 2022ರ ಇನ್ನೊಂದು ದೊಡ್ಡ ಪ್ರಯೋಗ, ವಾಡಿಕೆಗಿಂತ ಹೆಚ್ಚು ದುಡಿಸಿದರೆ ಲಾಭ ಕಾಣದು, ಅಪಾಯವೇ ಹೆಚ್ಚು ಎಂದಿತು. ಹಾಗಾಗಿ ಎಲ್ಲರನ್ನೂ ಓಡಿಸಿ ಎಂದು ನಾನು ಕೇಳುತ್ತಿಲ್ಲ. ಯಾರಿಗೆ ಯಾವುದು ಎಂದು ನೋಡುವ ಒಬ್ಬ ಫಿಸಿಯೋಥೆರಪಿಸ್ಟ್ ಬಿಡುಗಡೆಗೆ ಮುಂಚೆ ಹಾಸಿಗೆಯ ಬಳಿ ಬರಲಿ, ಹೋಗುವ ವಿಳಾಸವೊಂದನ್ನು ಬರೆದುಕೊಡಲಿ. ಅಂಗವಿಕಲರ ಪುನರ್ವಸತಿಗೆಂದೇ ಕೇಂದ್ರ ಸರ್ಕಾರದ ಸಿಆರ್‌ಸಿ ದಾವಣಗೆರೆಯಲ್ಲೇ ಇದೆ. ಹರಿಹರದಿಂದ ಹದಿನಾಲ್ಕು ಕಿಲೋಮೀಟರ್ ಆಚೆ ಅದಿದೆ ಎಂದು ನಮಗೆ ಯಾರೂ ಹೇಳಿರಲಿಲ್ಲ.

ಚಿಕ್ಕಪ್ಪನ ಕಾಲಿನ ನರದ ಪರೀಕ್ಷೆ ಆದದ್ದು ಮೂರು ತಿಂಗಳ ಮೇಲೆ. ಪರೀಕ್ಷೆ ಮಾಡಿದ ಡಾಕ್ಟರು ಬೆರಳಿನಿಂದ ಮೊಣಕಾಲಿನ ಪಕ್ಕದ ಎಲುಬು ಮುಟ್ಟಿ, ಅಲ್ಲಿಂದ ಕೆಳಗೆ ಗೆರೆ ಎಳೆದು, ನಜ್ಜಿದ ನರ ಮತ್ತೆ ಬೆಳೆಯುವುದು ದಿನಕ್ಕೆ ಒಂದು ಮಿಲಿಮೀಟರ್‌ನಷ್ಟು ಅಂದರು. ಪಾದ ಹಿಡಿದೆತ್ತುವ ಸ್ಪ್ಲಿಂಟ್, ಹಿಂದೆ ಪಟ್ಟಿ ಇರುವ ಸ್ಯಾಂಡಲ್ ಬರೆದುಕೊಟ್ಟರು. ಅಂದು ರಾತ್ರಿ ಚಿಕ್ಕಮ್ಮ ಹೊಲಿಗೆಯ ಟೇಪು ತಂದು ಮೊಣಕಾಲಿನಿಂದ ಕೆಳಕ್ಕೆ ಅಳೆದು, ಕ್ಯಾಲೆಂಡರಿನಲ್ಲಿ ಸಂಕ್ರಾಂತಿಯ ಆಚೆ ಒಂದು ದಿನಕ್ಕೆ ಪೆನ್ಸಿಲಿನಲ್ಲಿ ಸುತ್ತು ಹಾಕಿದರು.