ಅಟ್ಲಾಸ್ ಮುಚ್ಚಿತು, ಕೊಲ್ನಾಗೊ ಮಾರಾಟವಾಯಿತು

2020ರ ಮೇ ತಿಂಗಳಲ್ಲಿ ಮಿಲಾನ್ ಸಮೀಪದ ಕಾಂಬಿಯಾಗೊ ಎಂಬ ಸಣ್ಣ ಊರಿನ ಕೊಲ್ನಾಗೊ ಸೈಕಲ್ ಕಂಪನಿಯ ಹೆಚ್ಚಿನ ಪಾಲು ಅಬುಧಾಬಿಯ ಚಿಮೇರಾ ಎಂಬ ಹೂಡಿಕೆ ಸಂಸ್ಥೆಯ ಕೈಸೇರಿತು. ಮರುತಿಂಗಳು, ಜೂನ್ 3ರಂದು, ಉತ್ತರ ಪ್ರದೇಶದ ಸಾಹಿಬಾಬಾದಿನಲ್ಲಿ ಅಟ್ಲಾಸ್ ಸೈಕಲ್ಲಿನ ಕೊನೆಯ ಕಾರ್ಖಾನೆಯ ಗೇಟಿಗೆ ನೋಟಿಸು ಬಿತ್ತು. ಅಂದು ವಿಶ್ವ ಸೈಕಲ್ ದಿನ. ಸೆಪ್ಟೆಂಬರಿನಲ್ಲಿ ಸ್ಲೊವೇನಿಯಾದ 21 ವರ್ಷದ ಹುಡುಗ ತದೇಯ್ ಪೊಗಾಚಾರ್ ಅದೇ ಕೊಲ್ನಾಗೊ ಹೆಸರಿನ ಸೈಕಲ್ಲಿನ ಮೇಲೆ ಟೂರ್ ದ ಫ್ರಾನ್ಸ್ ಗೆದ್ದ.

ಹಳೆಯ ಸೈಕಲ್ ಮನೆತನಗಳು ಮುಳುಗಿದವು ಎಂದು ಮರುಗುವವರು ಈ ಮೂರು ಸುದ್ದಿಗಳನ್ನು ಒಟ್ಟಿಗೇ ಇಟ್ಟು ನೋಡಬೇಕು. ಇಟಲಿಯ ಕಂಪನಿಯ ಒಡೆತನ ಹೋಯಿತು, ಗೆಲುವು ಬಂತು. ಭಾರತದ ಕಂಪನಿಯ ಕಾರ್ಖಾನೆಯೇ ಹೋಯಿತು, ಅದರ ಸೈಕಲ್ ಹತ್ತಿ ಯಾರು ಏನು ಗೆದ್ದರು ಎಂಬುದೂ ಯಾರ ನೆನಪಿನಲ್ಲೂ ಇಲ್ಲ.

ಮೊದಲು ನಮ್ಮ ಕಡೆಯದನ್ನೇ ನೋಡೋಣ. ಹಾವೇರಿಯಿಂದ ಗುತ್ತಲದ ಕಡೆ ಹೋಗುವ ರಸ್ತೆ, ಅದರಾಚೆ ವರದೆ ತುಂಗಭದ್ರೆಯನ್ನು ಕೂಡುವ ಗಳಗನಾಥ, ಇತ್ತ ಬ್ಯಾಡಗಿ, ರಾಣೆಬೆನ್ನೂರು: ಈ ಸೀಮೆಯಲ್ಲಿ ಸೈಕಲ್ ಎಂದರೆ ಬಹುಕಾಲ ಹೊರೆ ಹೊರುವ ಗಾಡಿ. ಕ್ಯಾರಿಯರಿಗೆ ಹಾಲಿನ ಕ್ಯಾನು, ಹಸಿ ಹುಲ್ಲಿನ ಹೊರೆ, ಮೆಣಸಿನಕಾಯಿ ಚೀಲ. ಮುಂದಿನ ಡಂಡಿಗೆಯ ಮೇಲೆ ಮಗು, ಹಿಂದೆ ಹೆಂಡತಿ. ಕಾಲು ನಿಲುಕದ ಹುಡುಗರು ಡಂಡಿಗೆಯ ಒಳಗೆ ಕಾಲು ತೂರಿಸಿ ಒಳಪೆಡಲ್ ಹೊಡೆದು ಕಲಿಯುತ್ತಿದ್ದರು. ತಾಸಿನ ಲೆಕ್ಕದಲ್ಲಿ ಬಾಡಿಗೆಗೆ ಕೊಡುವ ಅಂಗಡಿಗಳಿದ್ದವು. ಕರಿ ಬಣ್ಣದ, ಇಪ್ಪತ್ತು ಕಿಲೋದ ಆಸುಪಾಸು ತೂಗುವ ಆ ಸೈಕಲ್ಲುಗಳ ಮೇಲಿದ್ದ ಹೆಸರುಗಳು ರ‍್ಯಾಲಿ, ಹರ್ಕ್ಯುಲಸ್, ಫಿಲಿಪ್ಸ್, ಬಿಎಸ್‌ಎ, ಆಮೇಲೆ ಅಟ್ಲಾಸ್, ಹೀರೋ. ಮೊದಲ ನಾಲ್ಕೂ ಇಂಗ್ಲೆಂಡಿನವು. ರ‍್ಯಾಲಿ ನಾಟಿಂಗ್‌ಹ್ಯಾಮಿನಲ್ಲಿ ಹುಟ್ಟಿತು, ಉಳಿದವು ಬರ್ಮಿಂಗ್‌ಹ್ಯಾಮಿನಲ್ಲಿ.

ಇಟಲಿಯಲ್ಲೂ ಸೈಕಲ್ ಬಡವರ ಗಾಡಿಯೇ ಆಗಿತ್ತು. ಡಿ ಸಿಕಾ 1948ರಲ್ಲಿ ತೆಗೆದ 'ಬೈಸಿಕಲ್ ಥೀವ್ಸ್' ಚಿತ್ರದಲ್ಲಿ ಸೈಕಲ್ ಕಳೆದರೆ ಕೂಲಿ ಕಳೆಯುತ್ತದೆ. ಆದರೆ ಅದೇ ದೇಶದಲ್ಲಿ ಅದೇ ಗಾಡಿಗೆ ಇನ್ನೊಂದು ಬದುಕೂ ಇತ್ತು. 1909ರಲ್ಲಿ ಜೀರೊ ದಿತಾಲಿಯಾ ಓಟ ಶುರುವಾಗಿತ್ತು. ಎದೊಆರ್ದೊ ಬಿಯಾಂಕಿ 1885ರಲ್ಲಿ ಮಿಲಾನಿನಲ್ಲಿ ತೆರೆದ ಅಂಗಡಿ ಅಷ್ಟರಲ್ಲೇ ದೊಡ್ಡ ಕಂಪನಿಯಾಗಿತ್ತು. ಎರಡನೆಯ ಮಹಾಯುದ್ಧದ ನಂತರದ ವರ್ಷಗಳಲ್ಲಿ ದೇಶ ಎರಡು ಪಾಳಯವಾಯಿತು: ತಿಳಿ ಹಸಿರು–ನೀಲಿ ಬಿಯಾಂಕಿಯ ಮೇಲೆ ಫಾಉಸ್ತೊ ಕೊಪ್ಪಿ, ಲೆನ್ಯಾನೊ ಮೇಲೆ ಜೀನೊ ಬಾರ್ತಲಿ.

ಈ ಪರಂಪರೆಯ ನಿಜವಾದ ತಾಕತ್ತು ದೊಡ್ಡ ಕಾರ್ಖಾನೆಗಳಲ್ಲಿ ಇರಲಿಲ್ಲ, ಸಣ್ಣ ಕುಲುಮೆಗಳಲ್ಲಿತ್ತು. ಫಾಲಿಯೆರೊ ಮಾಸಿಯ ಕೆಲಸದ ಕೋಣೆ ಮಿಲಾನಿನ ವಿಗೊರೆಲ್ಲಿ ಓಟದ ಅಂಕಣದ ಅಡಿಯಲ್ಲೇ ಇತ್ತು. ಮೇಲೆ ಓಡಿದವನು ಇಳಿದು ಬಂದು ಸೀಟಿನ ಎತ್ತರದ ತಕರಾರು ಹೇಳಬಹುದಿತ್ತು. ಎರ್ನೆಸ್ಟೊ ಕೊಲ್ನಾಗೊ 1954ರಲ್ಲಿ, ಊಗೊ ಡೆ ರೋಜಾ 1953ರಲ್ಲಿ, ಜೊವಾನ್ನಿ ಪಿನಾರೆಲ್ಲೊ 1952ರಲ್ಲಿ ಸ್ವಂತ ಅಂಗಡಿ ಹಾಕಿದರು. ಇವರಲ್ಲಿ ಓಟಗಾರನಾಗಿ ಸೋತು ಕುಲುಮೆಗೆ ಬಂದವರೂ ಇದ್ದರು. ಕೊಲಂಬಸ್ ಕಂಪನಿಯ ತೆಳು ಉಕ್ಕಿನ ಕೊಳವೆ, ಕೂಡುವಲ್ಲಿ ತೊಡಿಸಿ ಅರದಿಂದ ಉಜ್ಜಿ ಚೆಂದ ಮಾಡಿದ ಲಗ್ಗು, ಹಿತ್ತಾಳೆ ಕರಗಿಸಿ ಹಾಕಿದ ಬೆಸುಗೆ. ಗಾಲಿ ಕಳಚುವ ಹಿಡಿಕೆ, ಗೇರು, ಬ್ರೇಕು ಎಲ್ಲ ವಿಚೆಂಜಾ ಊರಿನ ಕ್ಯಾಂಪಾನ್ಯೊಲೊದಿಂದ. ಓಟಗಾರನ ತೊಡೆ, ತೋಳು, ಬೆನ್ನು ಅಳೆದು ಚೌಕಟ್ಟು ಕಟ್ಟುತ್ತಿದ್ದರು. 1972ರ ಅಕ್ಟೋಬರ್ 25ರಂದು ಬೆಲ್ಜಿಯಂನ ಎಡ್ಡಿ ಮೆರ್ಕ್ಸ್ ಮೆಕ್ಸಿಕೊ ನಗರದಲ್ಲಿ ಒಂದು ತಾಸಿಗೆ 49.431 ಕಿಲೋಮೀಟರ್ ತುಳಿದದ್ದು ಕೊಲ್ನಾಗೊ ಕಟ್ಟಿಕೊಟ್ಟ ಸೈಕಲ್ಲಿನಲ್ಲಿ. ತೂಕ ಇಳಿಸಲು ಅದರ ಚೈನಿಗೂ ತೂತು ಕೊರೆದಿದ್ದರು.

ನಮ್ಮ ಹಾವೇರಿ ಸೀಮೆಯ ಕಾದಂಬರಿಕಾರ ಗಳಗನಾಥರು ತಮ್ಮ ಪುಸ್ತಕಗಳನ್ನು ತಾವೇ ಪ್ರಕಟಿಸಿ, ತಾವೇ ಹೊತ್ತು ಊರೂರು ತಿರುಗಿ ಮಾರಿದವರು. ಮಾಡಿದವನಿಗೂ ಬಳಸುವವನಿಗೂ ನಡುವೆ ಮೂರನೆಯವನಿಲ್ಲದ ಅಂಥ ಸಂಬಂಧವೇ ಮಿಲಾನಿನ ಸುತ್ತಲಿನ ಈ ಕುಲುಮೆಗಳದೂ ಆಗಿತ್ತು.

ಆದರೂ ಈ ಚಿತ್ರಕ್ಕೆ ಹೂವೇರಿಸಿ ಕೈಮುಗಿಯುವ ಮುನ್ನ ಒಂದು ಮಾತು. 'ಈಗಿನ ಇಟಲಿ ಸೈಕಲ್ ತೈವಾನಿನಲ್ಲಿ ತಯಾರಾಗುತ್ತದೆ, ಮೇಲೆ ಹೆಸರು ಮಾತ್ರ ಇಟಲಿಯದು' ಎಂಬುದು ಹಳಬರ ದೊಡ್ಡ ದೂರು. ಸುವರ್ಣಯುಗ ಎನಿಸಿಕೊಂಡ ಕಾಲದಲ್ಲೂ ಒಬ್ಬ ಕಟ್ಟಿದ ಚೌಕಟ್ಟಿನ ಮೇಲೆ ಇನ್ನೊಬ್ಬರ ಹೆಸರು ಕೂರುವುದು ಮಾಮೂಲಾಗಿತ್ತು. ಮಾಸಿ, ಡೆ ರೋಜಾ ಕಟ್ಟಿಕೊಟ್ಟದ್ದನ್ನು ಓಟಗಾರರು ತಮಗೆ ಸಂಬಳ ಕೊಡುವ ಕಂಪನಿಯ ಬಣ್ಣದಲ್ಲಿ ತುಳಿದರು. ಮೆರ್ಕ್ಸ್ ತನ್ನ ಹೆಸರನ್ನೇ ಬರೆಸಿಕೊಂಡು ತುಳಿದ ಸೈಕಲ್ಲುಗಳ ಹಿಂದೆಯೂ ಡೆ ರೋಜಾರ ಕೈಯಿತ್ತು. ಹಾಗಾಗಿ ಹೆಸರು ಒಂದು, ಕೈ ಒಂದು ಎಂಬುದು ಹೊಸ ಪಾಪವಲ್ಲ. ಹೊಸದು ಏನೆಂದರೆ ಆ ಇನ್ನೊಂದು ಕೈ ಓಟಗಾರನ ಮುಖವನ್ನೇ ಕಾಣದಷ್ಟು ದೂರ ಹೋದದ್ದು.

ಅದು ದೂರ ಹೋದದ್ದು ಹೇಗೆ? ಮೊದಲ ಪೆಟ್ಟು ಜಪಾನಿನ ಸಕಾಯ್ ಪಟ್ಟಣದಿಂದ ಬಂತು. 1980ರ ದಶಕದ ನಡುವೆ ಶಿಮಾನೊ ಕಂಪನಿ ಟಕ್ಕೆಂದು ತನ್ನ ಜಾಗದಲ್ಲೇ ಕೂರುವ ಗೇರನ್ನು ತಂದಿತು. ಅಲ್ಲಿಯವರೆಗೆ ಗೇರು ಬದಲಿಸುವುದು ಬೆರಳಿನ ಅಂದಾಜಿನ ವಿದ್ಯೆ. ಕ್ಯಾಂಪಾನ್ಯೊಲೊ ಆ ವಿದ್ಯೆಯ ಹೆಮ್ಮೆಯಲ್ಲಿ ತಡಮಾಡಿತು. ಅವಸರದಲ್ಲಿ ತಂದ ಅದರ ಉತ್ತರ ಸರಿಯಾಗಿ ಕೆಲಸ ಮಾಡಲಿಲ್ಲ. 1990ರಲ್ಲಿ ಶಿಮಾನೊ ಗೇರನ್ನು ಬ್ರೇಕಿನ ಹಿಡಿಕೆಗೇ ಸೇರಿಸಿದಾಗಲೂ ಇಟಲಿ ಎರಡು ವರ್ಷ ಹಿಂದೆ ಬಿತ್ತು.

ಎರಡನೆಯ ಪೆಟ್ಟಿನ ಬಗ್ಗೆ ಮಾತಾಡುವವರು ಕಡಿಮೆ, ಆದರೆ ಬಹುಶಃ ಅದೇ ದೊಡ್ಡದು. ಅಮೆರಿಕದಲ್ಲಿ ದಪ್ಪ ಟೈರಿನ ಬೆಟ್ಟದ ಸೈಕಲ್ ಹುಚ್ಚು ಹಬ್ಬಿದಾಗ ಮಿಲಾನಿನ ಕುಶಲಕರ್ಮಿಗಳು ಅದನ್ನು ಹುಡುಗಾಟವೆಂದು ಬಗೆದರು. ಟ್ರೆಕ್, ಸ್ಪೆಷಲೈಜ್ಡ್ ಕಂಪನಿಗಳು ಆ ಹುಡುಗಾಟದಿಂದಲೇ ದುಡ್ಡು ಮತ್ತು ಊರೂರಿನ ಅಂಗಡಿಗಳ ಜಾಲ ಕಟ್ಟಿಕೊಂಡು, ಆಮೇಲೆ ಓಟದ ರಸ್ತೆಗೆ ಇಳಿದವು. ಅಷ್ಟರಲ್ಲಿ ಕಾರ್ಬನ್ ಫೈಬರಿನ ಚೌಕಟ್ಟು ಬಂತು. ಉಕ್ಕಿನ ಕೊಳವೆಯನ್ನು ಒಬ್ಬೊಬ್ಬರ ಅಳತೆಗೆ ಕತ್ತರಿಸಬಹುದು. ಕಾರ್ಬನ್ ಚೌಕಟ್ಟಿಗೆ ಪ್ರತಿ ಅಳತೆಗೂ ಬೇರೆ ಅಚ್ಚು ಬೇಕು, ಅಚ್ಚು ದುಬಾರಿ, ಸಾವಿರಾರು ತೆಗೆದರಷ್ಟೇ ಅಸಲು ಹುಟ್ಟುತ್ತದೆ. ಆ ಲೆಕ್ಕ ಗೊತ್ತಿದ್ದದ್ದು 1972ರಲ್ಲಿ ತೈವಾನಿನಲ್ಲಿ ಶುರುವಾಗಿ ಬೇರೆಯವರ ಹೆಸರಿಗೆ ಸೈಕಲ್ ಮಾಡಿಕೊಡುತ್ತಿದ್ದ ಜಯಂಟ್‌ನಂಥವರಿಗೆ. ಅವರು ಅಂಗಿ ಅಳತೆಯಂತೆ ಸಣ್ಣದು, ನಡುವಿನದು, ದೊಡ್ಡದು ಎಂದು ಮೂರ್ನಾಲ್ಕು ಅಳತೆಗೆ ಜಗತ್ತನ್ನೇ ಹೊಂದಿಸಿದರು.

ಎಲ್ಲ ಇಟಾಲಿಯನ್ನರೂ ಕಣ್ಣುಮುಚ್ಚಿ ಕೂತಿದ್ದರು ಎನ್ನುವುದು ಅನ್ಯಾಯ. ಕೊಲ್ನಾಗೊ ಫೆರಾರಿಯ ನೆರವಿನಿಂದ ಕಾರ್ಬನ್ ಕಲಿತು 1994ರಲ್ಲಿ ಸಿ40 ತಂದರು. ಕಾರ್ಬನ್ ಕೊಳವೆಗಳನ್ನು ಹಳೆಯ ರೀತಿಯಲ್ಲೇ ಲಗ್ಗಿಗೆ ಕೂಡಿಸಿದ ಆ ಸೈಕಲ್ ಮುಂದಿನ ವರ್ಷವೇ ಪ್ಯಾರಿಸ್–ರುಬೆ ಓಟದ ಕಲ್ಲುಹಾಸನ್ನು ಜಯಿಸಿತು. ಆದರೆ ಪೊಗಾಚಾರ್ 2020ರಲ್ಲಿ ಗೆದ್ದದ್ದು ಆ ಸಾಲಿನ ಸೈಕಲ್ಲಿನಿಂದಲ್ಲ. ಏಷ್ಯಾದಲ್ಲಿ ಅಚ್ಚೊತ್ತಿದ ಇನ್ನೊಂದು ಸಾಲಿನದರಿಂದ. ಉಳಿದ ಹೆಸರುಗಳೂ ಚದುರಿದವು. ಲೆನ್ಯಾನೊ 1980ರ ದಶಕದಲ್ಲಿ ಹಳೆಯ ಎದುರಾಳಿ ಬಿಯಾಂಕಿಯ ಪಾಲಾಯಿತು, ಬಿಯಾಂಕಿ 1997ರಲ್ಲಿ ಸ್ವೀಡನ್ನಿನ ಗ್ರಿಮಾಲ್ಡಿ ಗುಂಪಿಗೆ ಹೋಯಿತು. ಮಾಸಿ ಹೆಸರು ಅಮೆರಿಕಕ್ಕೆ ಮಾರಾಟವಾಯಿತು. ಪಿನಾರೆಲ್ಲೊ 2016ರಲ್ಲಿ ಹೂಡಿಕೆದಾರರ ಕೈಗೆ, 2023ರಲ್ಲಿ ಗಣಿ ವ್ಯಾಪಾರದಲ್ಲಿ ಕೋಟಿಗಟ್ಟಲೆ ಗಳಿಸಿದ ಇವಾನ್ ಗ್ಲಾಸೆನ್‌ಬರ್ಗ್ ಕೈಗೆ ಬಂತು.

ಹಾವೇರಿ ಕಡೆಯ ರಸ್ತೆಗಳ ಮೇಲಿದ್ದ ಹೆಸರುಗಳ ಕಥೆ ಇದಕ್ಕಿಂತ ತಮಾಷೆಯದು. ಇಂಗ್ಲೆಂಡಿನ ಹರ್ಕ್ಯುಲಸ್, ಬಿಎಸ್‌ಎ ಸೈಕಲ್ಲುಗಳು ತವರಿನಲ್ಲಿ ಕಣ್ಮುಚ್ಚಿದರೂ ಮದರಾಸಿನ ಅಂಬತ್ತೂರಿನಲ್ಲಿ 1949ರಲ್ಲಿ ಶುರುವಾದ ಟಿಐ ಸೈಕಲ್ಸ್ ಅವುಗಳನ್ನು ಬದುಕಿಸಿಕೊಂಡು ಬಂತು. ಇಟಲಿಯ ಬಿಯಾಂಕಿಯನ್ನು ಈ ದೇಶಕ್ಕೆ ತಂದು ಮಾರಿದ್ದೂ ಇದೇ ಟಿಐ. ಬಂಗಾಳದ ಆಸನ್‌ಸೋಲಿನಲ್ಲಿ ರ‍್ಯಾಲಿ ಮಾಡುತ್ತಿದ್ದ ಸೇನ್–ರ‍್ಯಾಲಿ ಸರ್ಕಾರದ ವಶಕ್ಕೆ ಹೋಗಿ ಸೊರಗಿತು. ಅಟ್ಲಾಸನ್ನು ಜಾನಕಿದಾಸ್ ಕಪೂರ್ 1951ರಲ್ಲಿ ಹರಿಯಾಣದ ಸೋನಿಪತ್‌ನಲ್ಲಿ ಶುರುಮಾಡಿದರು. ಮೊದಲ ವರ್ಷ 12,000 ಸೈಕಲ್. 1965ರ ಹೊತ್ತಿಗೆ ದೇಶದಲ್ಲೇ ಎಲ್ಲರಿಗಿಂತ ಮುಂದೆ. ಬೀಳುವಾಗ ಒಂದೊಂದೇ ಗೋಡೆ ಬಿತ್ತು: 2014ರಲ್ಲಿ ಮಾಲನ್‌ಪುರ, 2018ರಲ್ಲಿ ಸೋನಿಪತ್, ಕೊನೆಗೆ ಸಾಹಿಬಾಬಾದ್. ಕುಟುಂಬದ ಕವಲುಗಳು ಕಾರ್ಖಾನೆಗಳನ್ನು ಹಂಚಿಕೊಂಡದ್ದೂ ಅದಕ್ಕೆ ಒಂದು ಕಾರಣ.

ಮೋಟರ್‌ಸೈಕಲ್ ಬಂದದ್ದರಿಂದ ಇವೆಲ್ಲ ಬಿದ್ದವು ಎನ್ನುವುದು ಸುಲಭದ ವಿವರಣೆ, ಅರ್ಧ ನಿಜವೂ ಹೌದು. ಟಿವಿಎಸ್ ಮೊಪೆಡ್ ಸೈಕಲ್ಲಿನ ಹೊರೆಯನ್ನು ಕಿತ್ತುಕೊಂಡಿತು. ಲುಧಿಯಾನದ ಹೀರೋ ಸೈಕಲ್ಸ್ ಕಟ್ಟಿದ ಮುಂಜಾಲ್ ಮನೆತನವೇ 1984ರಲ್ಲಿ ಹೊಂಡಾ ಜೊತೆ ಸೇರಿ ಸೈಕಲ್ ಸವಾರನನ್ನು ಪೆಟ್ರೋಲ್ ಬಂಕಿಗೆ ಕರೆದೊಯ್ಯಿತು. ಆದರೆ ಇಟಲಿಯಲ್ಲೂ ಬಿಯಾಂಕಿ ಮೋಟರ್‌ಸೈಕಲ್ ಮಾಡಿತು, 1955ರಲ್ಲಿ ಫಿಯಟ್ ಜೊತೆ ಕಾರಿಗೂ ಕೈಹಾಕಿತು. ಸೈಕಲ್ ಹೊರೆ ಹೊರುವುದು ಅಲ್ಲಿ ನಮಗಿಂತ ಮೊದಲೇ ನಿಂತಿತು. ಅಲ್ಲಿ ಹೆಸರು ಉಳಿಯಲು ಓಟವಿತ್ತು.

ಇಲ್ಲಿ ಓಟ ಇರಲಿಲ್ಲವೇ? ಇತ್ತು, ಅದೂ ಈ ಉತ್ತರ ಕರ್ನಾಟಕದಲ್ಲೇ. ಬಾಗಲಕೋಟೆ, ವಿಜಯಪುರ, ಬೆಳಗಾವಿ ಸೀಮೆಯ ಜಾತ್ರೆಗಳಲ್ಲಿ ಎತ್ತಿನ ಶರ್ಯತ್ತಿನ ಜೊತೆಗೆ ಸೈಕಲ್ ಶರ್ಯತ್ತು ನಡೆಯುತ್ತದೆ. ಹೊಲಕ್ಕೆ ಹೋಗುವ ಸೈಕಲ್ಲಿನ ಮಡ್ಗಾರ್ಡು, ಕ್ಯಾರಿಯರು, ಸ್ಟ್ಯಾಂಡು ಬಿಚ್ಚಿ, ಒಂದೇ ಗೇರಿನಲ್ಲಿ ಎದುರುಗಾಳಿಗೆ ತಲೆ ಬಗ್ಗಿಸಿ ತುಳಿದ ಹುಡುಗರು ಅಲ್ಲಿಂದ ಎದ್ದು ಬಂದರು. ವಿಜಯಪುರ, ಗದಗ, ಬಾಗಲಕೋಟೆಯ ಕ್ರೀಡಾ ಹಾಸ್ಟೆಲುಗಳು, ಬೆಳಗಾವಿ ಜಿಲ್ಲೆಯ ಚಂದರಗಿ ಕ್ರೀಡಾ ಶಾಲೆ ಆ ಹುಡುಗ ಹುಡುಗಿಯರನ್ನು ರಾಷ್ಟ್ರಮಟ್ಟದ ಪದಕದವರೆಗೆ ಒಯ್ದವು. ಅನೇಕರಿಗೆ ಅದರಿಂದಲೇ ರೈಲ್ವೆ ನೌಕರಿ ಸಿಕ್ಕಿತು. ದೇಶದ ಸೈಕ್ಲಿಂಗ್ ನಕ್ಷೆಯಲ್ಲಿ ಕರ್ನಾಟಕಕ್ಕೆ ಜಾಗವಿದ್ದರೆ ಅದು ಬೆಂಗಳೂರಿಗಿಂತ ಹೆಚ್ಚಾಗಿ ಈ ಎರೆನೆಲದಿಂದ.

ಕಂಪನಿಗಳ ಕಣ್ಣಿಗೆ ಇವರು ಬೀಳಲೇ ಇಲ್ಲ. ಅಟ್ಲಾಸ್ 1978ರಲ್ಲಿ ದೇಶದ ಮೊದಲ ರೇಸಿಂಗ್ ಸೈಕಲ್ ಎಂದು ಒಂದನ್ನು ತಂದಿತ್ತು, 1982ರ ದೆಹಲಿ ಏಷ್ಯನ್ ಕ್ರೀಡಾಕೂಟಕ್ಕೆ ಅಧಿಕೃತವಾಗಿ ಸೈಕಲ್ ಒದಗಿಸಿತ್ತು. ಆ ದಾರಿ ಅಲ್ಲಿಗೇ ಕಡಿಯಿತು. ರೇಸಿಂಗ್ ಎಂಬುದು ಬಾಗಿದ ಹ್ಯಾಂಡಲ್ ಮತ್ತು ಮಿನುಗುವ ಬಣ್ಣಕ್ಕೆ ಇಳಿಯಿತು. ಬಿಎಸ್‌ಎ ಎಸ್‌ಎಲ್‌ಆರ್, ಹೀರೋ ರೇಂಜರ್ ಕಾಲೇಜು ಹುಡುಗರ ಹುರುಪಿಗೆ ಸಾಕಾದವು, ಶರ್ಯತ್ತಿನವನಿಗೆ ಅಲ್ಲ. ಲುಧಿಯಾನದ ಯಾವ ಎಂಜಿನಿಯರೂ ಬಾಗಲಕೋಟೆಯ ಓಟಗಾರನ ಕಾಲು ಅಳೆದು ನೋಡಲಿಲ್ಲ. ಮಾರುಕಟ್ಟೆ ತೆರೆದ ಮೇಲೆ ನಮ್ಮ ಓಟಗಾರರು ದೇಶಿ ಉಕ್ಕಿನಿಂದ ನೇರ ಪರದೇಶದ ಕಾರ್ಬನ್ನಿಗೆ ಜಿಗಿದರು. ನಡುವೆ ಇರಬೇಕಿದ್ದ ಮೆಟ್ಟಿಲು, ಅಂದರೆ ಇಲ್ಲೇ ಕಟ್ಟಿದ ಹಗುರ ಸೈಕಲ್, ಇರಲೇ ಇಲ್ಲ. ವಿಜಯಪುರಕ್ಕೆ ಮಂಜೂರಾದ ಸೈಕಲ್ ಓಟದ ಅಂಕಣದ (ವೆಲೊಡ್ರೋಮ್) ಕೆಲಸವೂ ವರ್ಷಗಟ್ಟಲೆ ಎಳೆದಾಡಿತು.

ಸರ್ಕಾರ ದೊಡ್ಡ ಗಿರಾಕಿಯಾದಾಗ ಇನ್ನೊಂದು ಅವಕಾಶ ಬಂದಿತ್ತು. 2006–07ರಲ್ಲಿ ರಾಜ್ಯ ಎಂಟನೆಯ ತರಗತಿಯ ಮಕ್ಕಳಿಗೆ ಉಚಿತ ಸೈಕಲ್ ಕೊಡತೊಡಗಿತು. ಹಳ್ಳಿಯಿಂದ ಹೈಸ್ಕೂಲಿಗೆ ನಡೆಯಬೇಕಿದ್ದ ಹುಡುಗಿಯರ ಪಾಲಿಗೆ ಆ ಯೋಜನೆ ಮಾಡಿದ ಉಪಕಾರ ದೊಡ್ಡದು, ಅದರ ಬಗ್ಗೆ ಕೊಂಕು ಬೇಡ. ಸೈಕಲ್ ಕಸುಬಿಗೆ ಅದು ಮಾಡಿದ್ದು ಬೇರೆ. ಸೈಕಲ್ಲನ್ನು ಆರಿಸುವವರು ಅಪ್ಪ–ಮಗಳಲ್ಲ, ಟೆಂಡರು. ಕಡಿಮೆ ದರ ಕೂಗಿದವನಿಗೆ ಗುತ್ತಿಗೆ. ತುಳಿಯುವ ಮಗುವಿಗೂ ಮಾಡುವ ಕಂಪನಿಗೂ ನಡುವೆ ಉಳಿದದ್ದು ಕಡತ ಮಾತ್ರ. ಗುಣಮಟ್ಟದ ದೂರುಗಳು ವರ್ಷವರ್ಷ ಪತ್ರಿಕೆಗಳಲ್ಲಿ ಬಂದವು. ಕೊರೊನಾ ಬಂದ ಮೇಲೆ ವಿತರಣೆಯೂ ನಿಂತಿತು.

ಊಗೊ ಡೆ ರೋಜಾ 2023ರ ಮಾರ್ಚಿನಲ್ಲಿ ತೀರಿಕೊಂಡರು. ಮಿಲಾನಿನ ಹೊರವಲಯದ ಕುಸಾನೊ ಮಿಲಾನಿನೊದಲ್ಲಿ ಅವರ ಮಕ್ಕಳು ಕಸುಬು ಮುಂದುವರಿಸಿದ್ದಾರೆ. ಅಳತೆ ಕೊಟ್ಟರೆ ಉಕ್ಕಿನ ಚೌಕಟ್ಟು ಇಂದಿಗೂ ಕಟ್ಟಿಕೊಡುತ್ತಾರೆ, ಬೆಲೆ ಹೆಚ್ಚು, ಗಿರಾಕಿ ಕಡಿಮೆ. ಹಳೆಯ ಕಸುಬು ಒಂದಷ್ಟು ಶ್ರೀಮಂತರ ಹವ್ಯಾಸವಾಗಿ ಉಳಿದಿದೆ ಎಂದು ಅದನ್ನು ಆಡಿಕೊಳ್ಳಬಹುದು. ಸೋನಿಪತ್‌ನ ಕಸುಬಿಗೆ ಆ ಹವ್ಯಾಸದ ಗಿರಾಕಿಯೂ ಇಲ್ಲ. ಹಳೆಯ ಅಟ್ಲಾಸ್ ಬೇಕೆಂದು ಹುಡುಕುವವನು ಅದನ್ನು ಗುಜರಿಯಿಂದ ತೆಗೆದು, ಸಿಕ್ಕ ಬಿಡಿಭಾಗ ಹಾಕಿ, ತಾನೇ ಬಣ್ಣ ಬಳಿಸಿಕೊಳ್ಳಬೇಕು.